ರಾಮಗಢಕ್ಕೆ ದಾರಿ ಯಾವುದು?

‘ಬಾಸ್, ಈ ರಾಮಗಢ ಎಲ್ಲಿ ಬರುತ್ತೆ?’

ಭಾನುವಾರ ಬೆಳಿಗ್ಗೆ ಏಳು ಗಂಟೆ. ಡೇರಿಗೆ ಹಾಲು ಹಾಕಿ ಕ್ಯಾನ್ ಹಿಡಿದು ವಾಪಸ್ ಬರುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತ ಕಾರಿನಿಂದ ಈ ಪ್ರಶ್ನೆ. ಒಳಗೆ ನಾಲ್ವರು, ಎಲ್ಲರೂ ನನ್ನ ವಯಸ್ಸಿನವರೇ. ‘ಸೀದಾ ಹೋಗಿ, ಎಡಕ್ಕೆ ಬೆಟ್ಟ ಕಾಣುತ್ತೆ’ ಅಂದೆ. ರಾಮಗಢ ಅನ್ನೋ ಊರೇ ಇಲ್ಲ ಅಂತ ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಟು ಬಹಳ ದಿನವಾಯಿತು.

ನಮ್ಮದು ರಾಮನಗರದ ಪಕ್ಕದ ಹಳ್ಳಿ. ರಾಮದೇವರ ಬೆಟ್ಟ ನಮ್ಮ ಹಿತ್ತಲಿನಿಂದಲೇ ಕಾಣುತ್ತದೆ. ಹೆಸರುಗಳ ವಿಷಯಕ್ಕೆ ಬಂದರೆ ನಮ್ಮೂರಿನಷ್ಟು ಗೊಂದಲದ ಊರು ಇನ್ನೊಂದು ಇರಲಿಕ್ಕಿಲ್ಲ. ಬ್ರಿಟಿಷರ ಕಾಲದಲ್ಲಿ ಇದು ಕ್ಲೋಸ್‌ಪೇಟೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರು ಅದು. ಆಮೇಲೆ ರಾಮನಗರವಾಯಿತು. 2007ರಲ್ಲಿ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆ ‘ಬೆಂಗಳೂರು ದಕ್ಷಿಣ’ ಆಯಿತು. ಭೂವಿಜ್ಞಾನ ಓದುವವರಿಗೆ ಮಾತ್ರ ಇವತ್ತಿಗೂ ನಮ್ಮ ಬಂಡೆಗಳು ‘ಕ್ಲೋಸ್‌ಪೇಟೆ ಗ್ರಾನೈಟ್’. ಸುಮಾರು 250 ಕೋಟಿ ವರ್ಷ ಹಳೆಯವಂತೆ. ಇಷ್ಟು ಹಳೆಯ ಬಂಡೆಗಳನ್ನು ಜನ ಗುರುತಿಸುವುದು ಮಾತ್ರ ಐವತ್ತು ವರ್ಷದ ಹಿಂದಿನ ಒಂದು ಹಿಂದಿ ಸಿನಿಮಾದಿಂದ!

‘ಶೋಲೆ’ ಕತೆ ಎಲ್ಲರಿಗೂ ಗೊತ್ತು. ಅದು ನಮ್ಮೂರಿಗೆ ಬಂದ ಕತೆ ಅಷ್ಟಾಗಿ ಗೊತ್ತಿಲ್ಲ. ಚಂಬಲ್ ಕಣಿವೆಯ ಡಕಾಯಿತರ ಸಿನಿಮಾಗಳನ್ನು ನೋಡಿ ನೋಡಿ ಬೇಸತ್ತಿದ್ದ ಕಾಲದಲ್ಲಿ ನಿರ್ದೇಶಕ ರಮೇಶ್ ಸಿಪ್ಪಿ ಈ ಕಡೆ ಬಂದರು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರು. ಹೆದ್ದಾರಿಯಿಂದ ಬೆಟ್ಟದ ಬುಡಕ್ಕೆ ಲಾರಿ ಹೋಗುವಂಥ ರಸ್ತೆ ಇರಲಿಲ್ಲ, ರಸ್ತೆ ಮಾಡಿಸಿದರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಒಂದು ಇಡೀ ಹಳ್ಳಿಯನ್ನೇ ಕಟ್ಟಿದರು. ಅದೇ ರಾಮಗಢ. ಬಹಳ ಕಾಲ ಕೆಲಸ ನಡೆಯಿತು. ಜಯಾ ಬಾದುರಿ ಸಂಜೆಹೊತ್ತು ದೀಪಗಳನ್ನು ಸಣ್ಣಗೆ ಮಾಡುತ್ತಾ ಹೋಗುವ ಪುಟ್ಟ ದೃಶ್ಯಗಳಿಗೇ ಇಪ್ಪತ್ತು ದಿನ ಬೇಕಾಯಿತಂತೆ, ಬೇಕಾದ ಬೆಳಕು ಸಿಗಲಿಲ್ಲ ಅಂತ. ಊರಿನ ಒಂದು ಭಾಗವನ್ನು ಕೆಲಕಾಲ ‘ಸಿಪ್ಪಿ ನಗರ’ ಅಂತಲೂ ಕರೆಯುತ್ತಿದ್ದರು. ಇನ್ನೊಂದು ಹೆಸರು, ನೋಡಿ.

1975ರ ಆಗಸ್ಟ್ 15ಕ್ಕೆ ಸಿನಿಮಾ ಬಂತು. ರಾಮಗಢ ಹೋಯಿತು. ಸೆಟ್ ಬಿಚ್ಚಿದ ಮೇಲೆ ಉಳಿದದ್ದು ಬಂಡೆ, ಕುರುಚಲು ಗಿಡ. ಠಾಕೂರನ ಮನೆಯೂ ಇಲ್ಲ, ಧರ್ಮೇಂದ್ರ ಹತ್ತಿದ ನೀರಿನ ಟ್ಯಾಂಕೂ ಇಲ್ಲ. ಆದರೂ ಜನ ಬರುತ್ತಲೇ ಇದ್ದಾರೆ.

ತಮಾಷೆಯೆಂದರೆ, ಡೇವಿಡ್ ಲೀನ್ ಎಂಬ ಜಗತ್ಪ್ರಸಿದ್ಧ ನಿರ್ದೇಶಕ ಕೂಡ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಗಳ ದೃಶ್ಯಕ್ಕೆ ಸಾವನದುರ್ಗಕ್ಕೂ ನಮ್ಮ ಬೆಟ್ಟಕ್ಕೂ ಬಂದಿದ್ದರು. ಅದಕ್ಕೆ ಆಸ್ಕರ್ ಕೂಡ ಬಂದಿದೆ. ಅದನ್ನು ಕೇಳಿಕೊಂಡು ಬಂದವರನ್ನು ನಾನು ಇವತ್ತಿನವರೆಗೆ ಒಬ್ಬರನ್ನೂ ನೋಡಿಲ್ಲ.

* * *

ಈಗ ಒಂದು ತಪ್ಪೊಪ್ಪಿಗೆ. ಮೊದಲ ಪಿಯುಸಿ ಮುಗಿದ ರಜೆಯಲ್ಲಿ ನಾನೂ ನನ್ನ ಗೆಳೆಯನೂ ‘ಗೈಡ್’ ಆಗಿದ್ದೆವು. ಯಾರೂ ನೇಮಿಸಿದ್ದಲ್ಲ, ನಾವೇ ಆದದ್ದು. ಬೆಟ್ಟಕ್ಕೆ ತಿರುಗುವ ರಸ್ತೆಯಲ್ಲಿ ನಿಂತು, ಹೊರಗಿನ ಗಾಡಿ ಕಂಡರೆ ‘ಸಾರ್, ಶೋಲೆ ಪಾಯಿಂಟ್ ತೋರಿಸ್ತೀವಿ’ ಅನ್ನುವುದು. ನಾನು ಆವರೆಗೆ ‘ಶೋಲೆ’ಯನ್ನು ಪೂರ್ತಿ ನೋಡಿರಲೂ ಇಲ್ಲ. ಹತ್ತಲು ಸುಲಭವಾದ, ಮೇಲೆ ಚಪ್ಪಟೆಯಾಗಿರುವ ಒಂದು ಬಂಡೆಯನ್ನು ನೋಡಿಕೊಂಡು ಅದಕ್ಕೆ ‘ಗಬ್ಬರ್ ಬಂಡೆ’ ಅಂತ ನಾಮಕರಣ ಮಾಡಿದೆವು. ನಮ್ಮ ಊರಿಗಿದ್ದ ಹೆಸರುಗಳ ಸಾಲಿಗೆ ಇದು ನನ್ನ ಕಾಣಿಕೆ.

ಜನ ಆ ಬಂಡೆಯ ಮೇಲೆ ನಿಂತು ಬೆಲ್ಟ್ ಬಿಚ್ಚಿ ಎಳೆದುಕೊಂಡು ಓಡಾಡಿ ವಿಡಿಯೊ ಮಾಡುತ್ತಿದ್ದರು. ಅರವತ್ತು ದಾಟಿದ ಯಜಮಾನರೊಬ್ಬರು ಆ ಬಂಡೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಜೊತೆ ನೋಡಿದ ಮೊದಲ ಸಿನಿಮಾ ಅಂತೆ. ಆ ಹೆಂಡತಿ ಈಗಿಲ್ಲ. ಅವರು ನೂರರ ನೋಟೊಂದನ್ನು ಕೈಗಿಟ್ಟರು. ಗೆಳೆಯ ಆವತ್ತು ಸಂಜೆ ‘ಆ ಅಂಕಲ್‌ಗೆ ನಿಜ ಹೇಳಬೇಕಿತ್ತಾ?’ ಅಂತ ಕೇಳಿದ. ನಾನು ‘ಸುಮ್ನಿರೋ, ಖುಷಿಯಾಗಿ ಹೋದರಲ್ಲ’ ಅಂದೆ. ಆದರೆ ರಾತ್ರಿ ಊಟ ಸೇರಲಿಲ್ಲ.

ನಾವು ಸಿಕ್ಕಿಬಿದ್ದದ್ದು ಅದರ ಮುಂದಿನ ವಾರ. ಕನ್ನಡಕ ಹಾಕಿದ, ಹೆಚ್ಚು ಮಾತನಾಡದ ಒಬ್ಬರು ಬಂದರು. ನಾನು ಎಂದಿನ ಪಾಠ ಒಪ್ಪಿಸಿದೆ. ಅವರು ಬ್ಯಾಗಿನಿಂದ ಒಂದು ಫೈಲ್ ತೆಗೆದರು. ಸಿನಿಮಾದ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ಪ್ರಿಂಟ್ ಹಾಕಿಸಿಕೊಂಡಿದ್ದರು! ಒಂದೊಂದು ಹಾಳೆಯನ್ನೂ ಎತ್ತಿ ಹಿಡಿದು, ನಟರನ್ನು ಬಿಟ್ಟು ಅವರ ಬೆನ್ನ ಹಿಂದಿನ ಬೆಟ್ಟದ ಗೆರೆಯನ್ನು ಮಾತ್ರ ನೋಡುತ್ತಿದ್ದರು. ‘ನೋಡು ಮರಿ, ಈ ಚಿತ್ರದಲ್ಲಿ ಹಿಂದಿನ ಗುಡ್ಡದ ನೆತ್ತಿ ಎರಡಾಗಿ ಸೀಳಿದೆ. ನೀನು ತೋರಿಸಿದ ಜಾಗದಿಂದ ಅದು ಒಂದೇ ಗುಡ್ಡದ ಹಾಗೆ ಕಾಣುತ್ತೆ. ಅಂದರೆ ಕ್ಯಾಮೆರಾ ಇನ್ನೂ ಬಲಕ್ಕೆ ಇತ್ತು.’ ಬೈಯಲಿಲ್ಲ. ಬಲಕ್ಕೆ ನಡೆದರು. ನಾನೂ ಹಿಂದೆ ಹೋದೆ. ಒಂದು ಕಡೆ ನಿಂತಾಗ ಹಾಳೆಯ ಗೆರೆಯೂ ಎದುರಿನ ಗೆರೆಯೂ ಒಂದಕ್ಕೊಂದು ಕೂತುಬಿಟ್ಟವು. ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟವನ್ನು ನಾನು ಅವತ್ತಿನವರೆಗೆ ನೋಡಿಯೇ ಇರಲಿಲ್ಲ ಅನ್ನಿಸಿತು.

ಅವರು ದುಡ್ಡು ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಅಷ್ಟಾದರೂ ಮಾನ ಇತ್ತು.

* * *

ಗೈಡ್ ಕೆಲಸ ಬಿಟ್ಟದ್ದಕ್ಕೆ ಕಾರಣ ಮಾತ್ರ ಅವರಲ್ಲ. ಅರಣ್ಯ ಇಲಾಖೆಯ ಒಬ್ಬ ವಾಚರಣ್ಣ.

ನಮ್ಮ ಪ್ಯಾಕೇಜಿನಲ್ಲಿ ‘ಎಕೋ ಪಾಯಿಂಟ್’ ಅಂತ ಒಂದಿತ್ತು. ಕಡಿದಾದ ಬಂಡೆಗೋಡೆಯ ಎದುರು ನಿಂತು ಗಬ್ಬರನ ಡೈಲಾಗ್ ಕೂಗಿದರೆ ತಿರುಗಿ ಕೇಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುತ್ತಿದ್ದ ಐಟಂ ಅದೇ. ಒಂದು ದಿನ ಕಾಲೇಜು ಹುಡುಗರ ಗುಂಪೊಂದು ಅಲ್ಲಿ ನಿಂತು ಅರಚುತ್ತಿದ್ದಾಗ ವಾಚರಣ್ಣ ಓಡಿಬಂದರು. ಅವರನ್ನು ಕಳಿಸಿದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿಕೊಂಡರು.

‘ಈ ಊರೋನೇ ಆಗಿ ನಿಂಗೆ ಗೊತ್ತಾಗಲ್ವೇನ್ಲಾ? ಅಲ್ಲಿ ನೋಡು.’

ಬಂಡೆಯ ಎತ್ತರದಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆಗಳಿದ್ದವು. ನಾನು ಅದನ್ನು ನೀರಿನ ಕಲೆ ಅಂದುಕೊಂಡಿದ್ದೆ. ಅವು ರಣಹದ್ದಿನ ಹಿಕ್ಕೆ. ಅದರ ಮೇಲಿನ ಬಿರುಕಿನಲ್ಲಿ ಗೂಡು.

ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಸುಮಾರು 346 ಹೆಕ್ಟೇರ್. ದೇಶದಲ್ಲಿ ರಣಹದ್ದಿಗೆಂದೇ ಮೀಸಲಾದ ಮೊದಲ ಧಾಮ. ಇಲ್ಲಿರುವುದು ಉದ್ದ ಕೊಕ್ಕಿನ ರಣಹದ್ದು, ಅದೂ ಬೆರಳೆಣಿಕೆಯಷ್ಟು. ಅವು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಕ್ಕೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಕಿಡ್ನಿ ಕೆಡಿಸಿ ದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರಣಹದ್ದುಗಳನ್ನು ತೆಗೆಯಿತು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು. ಇವೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅವತ್ತು ವಾಚರಣ್ಣ ಹೇಳಿದ್ದು ಇಷ್ಟೇ: ‘ಗದ್ದಲಕ್ಕೆ ಗಾಬರಿಯಾಗಿ ತಾಯಿ ಎದ್ದು ಹೋದ್ರೆ ಆ ವರ್ಷ ಮುಗೀತು. ಇನ್ನೊಂದು ಮೊಟ್ಟೆ ಇರಲ್ಲ.’

ಮನೆಗೆ ಬಂದು ತಾತನ ಹತ್ತಿರ ಕೇಳಿದೆ. ‘ಶೋಲೆ ಟೈಮಲ್ಲಿ ರಣಹದ್ದು ಇದ್ವಾ?’

‘ಇದ್ವಾ ಅಂತೀಯಲ್ಲಪ್ಪ! ಊರಾಚೆ ಒಂದು ಹಸ ಸತ್ರೆ ಸಾಲಾಗಿ ಬಂದು ಕೂತ್ಕೊಳ್ಳೋವು, ಮದುವೆ ಊಟದ ಪಂಕ್ತಿ ಥರ.’

ರಾಮಗಢ ಹೋದದ್ದಕ್ಕೆ ಇಷ್ಟೊಂದು ಜನ ಬಂದು ಬೇಜಾರು ಪಟ್ಟುಕೊಳ್ಳುತ್ತಾರೆ. ಅದು ಹೋಗಲೆಂದೇ ಕಟ್ಟಿದ ಊರು. ಆ ಪಂಕ್ತಿ ಎಲ್ಲಿ ಹೋಯಿತು ಅಂತ ಕೇಳಿದವರು ಯಾರೂ ಇಲ್ಲ. ನಾನೂ ಕೇಳಿರಲಿಲ್ಲ ಬಿಡಿ.

* * *

ಹಾಗಂತ ಬರುವವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಡಿಗ್ರಿಯ ಎರಡನೇ ವರ್ಷ ನಾನೂ ಗೆಳೆಯರೂ ಬೈಕಿನಲ್ಲಿ ಆಗುಂಬೆಗೆ ಹೋದೆವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರಿಗೆ ಜುಲೈ ತಿಂಗಳಲ್ಲಿ! ಹೋದದ್ದು ಮಳೆ ನೋಡಲಿಕ್ಕಲ್ಲ, ‘ಮಾಲ್ಗುಡಿ ಡೇಸ್’ ನೋಡಲಿಕ್ಕೆ. ಯೂಟ್ಯೂಬಿನಲ್ಲಿ ನೋಡಿ ಹುಚ್ಚು ಹಿಡಿದಿತ್ತು. ಆರ್.ಕೆ. ನಾರಾಯಣ್ ಕಲ್ಪಿಸಿದ ಊರನ್ನು ಶಂಕರನಾಗ್ ಎಂಬತ್ತರ ದಶಕದಲ್ಲಿ ಆಗುಂಬೆಯ ಬೀದಿಯಲ್ಲಿ ಕಟ್ಟಿದರು. ನಮ್ಮೂರಿನ ಹಾಗೆ ಬಯಲಲ್ಲಿ ಹೊಸದಾಗಿ ಊರು ಕಟ್ಟಲಿಲ್ಲ, ಜನ ಬಾಳುತ್ತಿದ್ದ ಊರಿಗೇ ಮಾಲ್ಗುಡಿಯ ವೇಷ ಹಾಕಿದರು. ಹಾಗಾಗಿ ಸ್ವಾಮಿಯ ಮನೆಯಾಗಿ ಕಾಣಿಸುವ ದೊಡ್ಡಮನೆ ಇವತ್ತಿಗೂ ಹಾಗೇ ಇದೆ. ಜನ ವಾಸವಿರುವ ಮನೆ ಅದು.

ಆ ಬೀದಿಯಲ್ಲಿ ನಾನು ಮಾಡಿದ್ದೇನು? ಮೊಬೈಲ್ ಎತ್ತಿ ಹಿಡಿದು ಕಂಡಕಂಡ ಜಗುಲಿಗೆ ಹೋಲಿಸಿ ನೋಡಿದೆ. ಒಂದು ಮನೆಯ ಮೆಟ್ಟಿಲ ಮೇಲೆ, ಕೇಳದೆ, ಸ್ವಾಮಿಯ ಹಾಗೆ ಕೂತು ಫೋಟೊ ತೆಗೆಸಿಕೊಂಡೆ. ಬಾಗಿಲಲ್ಲಿ ಅಜ್ಜಿಯೊಬ್ಬರು ಬಂದು ನಿಂತದ್ದು ಫೋಟೊ ನೋಡಿದಾಗಲೇ ಗೊತ್ತಾಗಿದ್ದು. ನಾನು ತಡಬಡಾಯಿಸಿ ಎದ್ದು, ಪೆದ್ದನ ಹಾಗೆ, ‘ಅಜ್ಜಿ, ಶೂಟಿಂಗ್ ಆಗಿದ್ದು ಇದೇ ಮನೆನಾ?’ ಅಂದೆ.

‘ಅಲ್ಲ ಮಾರಾಯ, ಅದು ಆಚೆ. ಇದು ಬರೀ ಮನೆ’ ಅಂದರು. ಆಮೇಲೆ, ‘ಒದ್ದೆ ಆಗಿದ್ದೀರಿ, ಒಳಗೆ ಬನ್ನಿ. ಕಷಾಯ ಕುಡ್ದು ಹೋಗಿ’ ಅಂದರು.

ಒಳಗೆ ಹೋಗುವ ಮುಖ ನನಗಿರಲಿಲ್ಲ. ಗೆಳೆಯರು ಹೋದರು, ಕುಡಿದರು. ಚೆನ್ನಾಗಿತ್ತಂತೆ.

ಬರುವಾಗ ಅರಸಾಳು ರೈಲು ನಿಲ್ದಾಣಕ್ಕೂ ಹೋದೆವು. ಧಾರಾವಾಹಿಯಲ್ಲಿ ಬಂದ ಹಳೆಯ ನಿಲ್ದಾಣ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ರಿಪೇರಿ ಮಾಡಿದವರು ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ. ಪಾಳು ಬೀಳಬೇಕಿದ್ದ ಕಟ್ಟಡ ಸಿನಿಮಾದ ನೆಪದಲ್ಲಿ ಉಳಿಯಿತು. ಇದು ನನಗೆ ಇಷ್ಟವಾಯಿತು. ಇಲ್ಲಿ ನಾವು ಯಾರ ಮೆಟ್ಟಿಲನ್ನೂ ತುಳಿಯಬೇಕಿಲ್ಲ, ಯಾವ ಮೊಟ್ಟೆಗೂ ಭಯವಿಲ್ಲ.

ಕೊಡಗಿನ ಮಾಂದಲಪಟ್ಟಿಗೆ ‘ಗಾಳಿಪಟ’ (2008) ಬಂದ ಮೇಲೆ ‘ಮುಗಿಲುಪೇಟೆ’ ಅಂತಲೇ ಹೆಸರು ಬಿತ್ತು. ಅಲ್ಲಿಗೆ ಜೀಪು ಓಡಿಸುವವರಿಗೆ ಅದು ಅನ್ನ. ನಮ್ಮಲ್ಲೂ ಅಷ್ಟೇ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೈಸೂರಿಗೆ ಹೋಗುವ ಗಾಡಿಗಳು ಊರೊಳಗೆ ಬರುವುದು ನಿಂತಿತು. ಹಳೇ ರಸ್ತೆಯ ಹೋಟೆಲಿನವರು, ಎಳನೀರಿನವರು ದಿನವಿಡೀ ನೊಣ ಹೊಡೆಯುವ ಹಾಗಾಯಿತು. ಆ ರಸ್ತೆ ಬಿಟ್ಟು ಇಳಿದು ನಮ್ಮ ಕಡೆ ತಿರುಗುವವರಲ್ಲಿ ಗಬ್ಬರನನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ನಮ್ಮ ಪಕ್ಕದ ಮನೆಯ ಅಕ್ಕ ಬೆಟ್ಟದ ದಾರಿಯಲ್ಲಿ ಸೌತೆಕಾಯಿ, ಮಜ್ಜಿಗೆ ಮಾರುತ್ತಾರೆ. ಅವರ ಮಗಳ ಕಾಲೇಜು ಫೀಸಿನಲ್ಲಿ ಗಬ್ಬರನ ಪಾಲೂ ಇದೆ. ಅವರಿಗೆ ಈ ಜನ ಬರಬಾರದು ಅಂತ ನಾನು ಹೇಗೆ ಹೇಳಲಿ?

* * *

ಇನ್ನೊಂದು ವಿಷಯ ಉಳಿಯಿತು. ಇದನ್ನು ನಾನು ಗೆಳೆಯರಿಗೂ ಹೇಳಿಲ್ಲ.

ತಾತ ಆ ಕಾಲದಲ್ಲಿ ಸಿನಿಮಾದವರ ಹತ್ತಿರ ಕೂಲಿಗೆ ಹೋಗಿದ್ದರು. ಇಪ್ಪತ್ತರ ಹುಡುಗ ಆಗ. ರಸ್ತೆಗೆ ಕಲ್ಲು ಹೊತ್ತರು, ರಾಮಗಢದ ಗೋಡೆಗಳಿಗೆ ಮಣ್ಣು ಮೆತ್ತಿದರು. ‘ಮುಂದೆ ನೋಡಿದ್ರೆ ಮನೆ, ಹಿಂದೆ ನೋಡಿದ್ರೆ ಗಳ. ಆದ್ರೂ ಸರ್ಯಾಗಿ ಮೆತ್ತಬೇಕು ಅನ್ನೋರು’ ಅಂತ ಈಗಲೂ ನಗುತ್ತಾರೆ. ಕೆಲಸ ಮುಗಿದು ಎಲ್ಲ ಬಿಚ್ಚುವಾಗ ಒಂದು ಮರದ ಕಿಟಕಿಯನ್ನು ಅವರು ಮನೆಗೆ ತಂದರಂತೆ. ಕೇಳಿ ತಂದರೋ, ಕೇಳದೆ ತಂದರೋ, ಪ್ರತಿ ಸಲ ಬೇರೆ ಬೇರೆ ಹೇಳುತ್ತಾರೆ. ಆ ಕಿಟಕಿ ಇವತ್ತಿಗೂ ನಮ್ಮ ಹುಳುಮನೆಯ ಗೋಡೆಯಲ್ಲಿದೆ. ಅದರ ಪಕ್ಕದಲ್ಲೇ ಐವತ್ತು ವರ್ಷದಿಂದ ರೇಷ್ಮೆ ಹುಳು ಸೊಪ್ಪು ತಿನ್ನುತ್ತಿವೆ.

ನಾನು ಸುಳ್ಳು ಬಂಡೆ ತೋರಿಸುತ್ತಿದ್ದ ಆ ರಜೆಯಲ್ಲೂ ಆ ಕಿಟಕಿ ಅಲ್ಲೇ ಇತ್ತು. ಆಗ ನನಗೆ ಅದು ಬರೀ ಕಿಟಕಿ. ಈಗ ಯಾರಿಗಾದರೂ ತೋರಿಸೋಣವೆಂದರೆ, ಗಬ್ಬರ್ ಬಂಡೆಯ ಹುಡುಗನ ಮಾತನ್ನು ಯಾರು ನಂಬುತ್ತಾರೆ? ನನಗೇ ಒಮ್ಮೊಮ್ಮೆ ಅನುಮಾನ.

2025ಕ್ಕೆ ‘ಶೋಲೆ’ಗೆ ಐವತ್ತು ತುಂಬಿತು. ಚಿತ್ರವನ್ನು ಹೊಸದಾಗಿ ಶುದ್ಧಗೊಳಿಸಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಸೆನ್ಸಾರ್ ಒಪ್ಪದ ಮೂಲ ಕ್ಲೈಮ್ಯಾಕ್ಸನ್ನೂ ಸೇರಿಸಿ ಡಿಸೆಂಬರ್‌ನಲ್ಲಿ ಮತ್ತೆ ತೆರೆಗೆ ತಂದರು. ನಮ್ಮ ರಸ್ತೆಯಲ್ಲಿ ಮತ್ತೆ ಕಾರುಗಳ ಸಾಲು. ತಾತನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ನೋಡಿದೆ. ಎಲ್ಲರೂ ಅಮಿತಾಭ್‌ಗೆ ಶಿಳ್ಳೆ ಹೊಡೆಯುತ್ತಿದ್ದರೆ ನಾನು ಗೋಡೆಗಳನ್ನು ನೋಡುತ್ತಿದ್ದೆ. ಫೈಲ್ ಹಿಡಿದು ಬಂದಿದ್ದವರು ಕಲಿಸಿದ ವಿದ್ಯೆ. ಆದರೆ ಥಿಯೇಟರಿನಲ್ಲಿ ಸಿನಿಮಾವನ್ನು ನಿಲ್ಲಿಸಿಕೊಂಡು ನೋಡಲಾಗುವುದಿಲ್ಲವಲ್ಲ. ಹಳ್ಳಿಯವರು ದಿಕ್ಕಾಪಾಲಾಗಿ ಓಡುವ ದೃಶ್ಯದಲ್ಲಿ ಒಂದು ಕಿಟಕಿ ಕಂಡ ಹಾಗಾಯಿತು. ಅದೇ ನಾಲ್ಕು ಪಟ್ಟಿ, ಅದೇ ಬಾಗಿದ ಚೌಕಟ್ಟು. ಅರ್ಧ ಸೆಕೆಂಡ್ ಇರಬಹುದು. ಕುದುರೆ ಅಡ್ಡ ಬಂತು, ಹೋಯಿತು.

‘ತಾತ, ನೋಡಿದ್ಯಾ? ನಮ್ಮ ಕಿಟಕಿ!’ ಅಂತ ತೋಳು ಹಿಡಿದು ಅಲ್ಲಾಡಿಸಿದೆ.

ತಾತ ತೆರೆಯಿಂದ ಕಣ್ಣು ತೆಗೆಯದೆ, ‘ಇರ್ಬೋದು ಬುಡ್ಲಾ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಜ್ಞಾಪಿಸಿಕೊಂಡವರ ಹಾಗೆ, ‘ಅದ್ರ ಚಿಲಕ ಕಿತ್ತೋಗದೆ, ನೋಡ್ದ? ಹುಳ ಮೂರ್ನೇ ಜ್ವರಕ್ಕೆ ಬಂದವೆ, ಥಂಡಿ ಗಾಳಿ ಹೊಡೀತದೆ. ನಾಳಿಕ್ಕೆ ಸರಿ ಮಾಡ್ಸು’ ಅಂದರು.

ಮಾರನೆಯ ದಿನ ಬಡಗಿಯನ್ನು ಕರೆದುಕೊಂಡು ಬರುವಾಗ ಹುಳುಮನೆಯ ಮುಂದೆ ಕಾರೊಂದು ನಿಂತಿತ್ತು. ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಇಬ್ಬರು ಕೂತು ನೀರು ಕುಡಿಯುತ್ತಿದ್ದರು. ತಾತ ಬೆಟ್ಟದ ಕಡೆ ಕೈ ಮಾಡಿ ದಾರಿ ಹೇಳುತ್ತಿದ್ದರು.